ಕಮಲಾಪುರದ ಬಸ್ಸಿನಲ್ಲಿ ಶಿವಶರಣನ ದಸ್ತಿ

ಕಮಲಾಪುರದಲ್ಲಿ ಶಿವಶರಣನಷ್ಟು ಕಡಿಮೆ ಬಂಡವಾಳದಲ್ಲಿ ದೊಡ್ಡ ಹೆಸರು ಮಾಡಿದವರನ್ನು ನಾನು ಕಂಡಿಲ್ಲ. ಬಂಡವಾಳವೆಂದರೆ ನಾಲ್ಕಾರು ದಸ್ತಿ, ಅಂದರೆ ಕರವಸ್ತ್ರ. ಕಲಬುರಗಿಗೆ ಹೋಗುವ ಬೆಳಗಿನ ಬಸ್ಸು ಸರಿಯಾಗಿ ನಿಲ್ಲುವ ಮೊದಲೇ ಅವನು ಹೊರಗಿನಿಂದ ಕಿಟಕಿಯೊಳಗೆ ದಸ್ತಿ ಎಸೆದು ಸೀಟು ಹಿಡಿಯುತ್ತಾನೆ. ಬೇಳೆ ಮಿಲ್ಲಿಗೆ ಕೆಲಸಕ್ಕೆ ಹೋಗುವ ತನಗೊಂದು, ಕೆಂಪು ಬಾಳೆಹಣ್ಣು ಮಾರುವ ಭಾಗಮ್ಮನಿಗೊಂದು, ಕಲಬುರಗಿಯ ರೋಜಾ ಬಡಾವಣೆಯಲ್ಲಿ ಅತ್ತರಿನ ಅಂಗಡಿಯಿಟ್ಟ ನಬಿಸಾಬರಿಗೊಂದು, ಕೇಳಿದವರಿಗೊಂದು. ದಸ್ತಿ ಬಿದ್ದ ಸೀಟಿನಲ್ಲಿ ಫೌಜದಾರನೂ ಕೂಡುವುದಿಲ್ಲ. ಅವನನ್ನು ನೋಡಿ ಊರೆಲ್ಲ ಈ ವಿದ್ಯೆ ಕಲಿತಿದೆ. ಸೀಟಿನ ಚಿಂತೆ ತೀರಿದ ಮೇಲೆ ಎಲ್ಲರೂ ಎದುರಿನ ಹೋಟೆಲಿನಲ್ಲಿ ಸೂಸಲಾ ತಿನ್ನುತ್ತ ಕೂಡುತ್ತಾರೆ. ಡ್ರೈವರ್ ಹಾರ್ನ್ ಹೊಡೆದ ಮೇಲೆಯೇ ಹತ್ತುವುದು. ಶಿವಶರಣನ ಕೂಲಿ ಒಂದು ಚಹಾ.

ಈ ಮಹಾಶಯನಿಗೆ ಒಂದೇ ಆಸೆ: ಕಲಬುರಗಿಯ ಸುತ್ತ ಹಾಕಲಿರುವ, ಮೆಟ್ರೋದಂಥ ಲೈಟ್ ರೈಲು ಕಮಲಾಪುರಕ್ಕೂ ಬರಬೇಕು. ಬಂದೇ ಬರುತ್ತದೆಂದು ಊರಿಗೆಲ್ಲ ಮಾತು ಕೊಟ್ಟೂ ಆಗಿತ್ತು. ಕಲಬುರಗಿಯ ಐವಾನ್-ಎ-ಶಾಹಿಯ ಕಡೆ ಒಂದು ಸಭಾಂಗಣದಲ್ಲಿ ನಕ್ಷೆ ತೋರಿಸುತ್ತಾರೆಂದು ತಿಳಿದ ದಿನ ಮಿಲ್ಲಿಗೆ ರಜೆ ಹಾಕಿ, ನಬಿಸಾಬರನ್ನೂ ಎಳೆದುಕೊಂಡು ಹೋದ.

ನಕ್ಷೆಯ ಕೆಂಪು ಗೆರೆ ರಿಂಗ್ ರೋಡಿಗೇ ಮುಗಿದಿತ್ತು.

"ಮೇಡಂ, ನಮ್ಮ ಕಮಲಾಪುರ ಎಲ್ಲಿ ಹೋತ್ರೀ?"

ಯೋಜನೆಯ ಅಧಿಕಾರಿ ಮಂಜುಷಾ, ಕಲಬುರಗಿಯದೇ ಬ್ರಹ್ಮಪುರದ ಹೆಣ್ಣುಮಗಳು, ಸಮಾಧಾನದಿಂದಲೇ ಹೇಳಿದಳು: "ಅಲ್ಲಿ ಮಂದಿನೇ ಇಲ್ರೀ. ನಮ್ಮವರು ಬಂದು ಎಣಿಸ್ಯಾರ. ಬೆಳಗಿನ ಬಸ್ಸಿನ್ಯಾಗ ಮುಕ್ಕಾಲು ಸೀಟು ಖಾಲಿ."

"ಖಾಲಿ? ಆ ಬಸ್ಸಿನ್ಯಾಗ ಇರುವಿ ಹೋಗಲಿಕ್ಕೂ ಜಾಗಾ ಇರಂಗಿಲ್ರೀ!"

"ಫೋಟೋ ಅದ ನೋಡ್ರಿ."

ಫೋಟೋದಲ್ಲಿ ಸೀಟುಗಳು ಖಾಲಿಯೇ ಇದ್ದವು. ಒಂದೊಂದರ ಮೇಲೂ ಒಂದೊಂದು ದಸ್ತಿ; ಮುಂದಿನದರ ಮೇಲೆ ಶಿವಶರಣನದೇ ನೀಲಿ ಚೌಕಡಿಯದು. ಎಣಿಸಲು ಬಂದವರು ದೂರದ ಊರಿನವರು. ಹಾರ್ನಿಗೆ ಮೊದಲೇ ಲೆಕ್ಕ ಬರೆದುಕೊಂಡು ಹೊರಟುಹೋಗಿದ್ದರು.

ನಬಿಸಾಬರು ಹಣೆ ಬಡಿದುಕೊಂಡರು. "ಶಾಬಾಸ್ ಶಿವಶರಣಪ್ಪ! ಬರೋ ರೈಲಿಗೇ ಅಡ್ಡ ದಸ್ತಿ ಹಾಕಿದೆಲ್ಲೋ!"

ಸಂಗತಿ ತಿಳಿದು ಮಂಜುಷಾಳಿಗೂ ನಗು ತಡೆಯಲಾಗಲಿಲ್ಲ. "ನಮ್ಮವ್ವನೂ ಪಂಢರಪುರದ ಬಸ್ಸಿಗೆ ಹಿಂಗೇ ಮಾಡ್ತಾಳ್ರಿ. ಸೋಮವಾರ ಇನ್ನೊಮ್ಮೆ ಎಣಿಸ್ತೀವಿ. ಆದ್ರ ನಾವು ದಸ್ತಿ ಎಣಿಸಂಗಿಲ್ಲ ನೋಡ್ರಿ, ಮಂದೀನ ಎಣಿಸ್ತೀವಿ."

ಹೀಗಾಗಿ ದಸ್ತಿಯ ಗುರುವೇ ಮನೆಮನೆಗೆ ಹೋಗಿ, ಸೋಮವಾರ ಯಾರೂ ದಸ್ತಿ ಹಾಕಬೇಡಿ, ಹಾರ್ನಿಗೆ ಕಾಯದೆ ಹತ್ತಿ ಕೂಡಿ ಎಂದು ಕೈಮುಗಿಯಬೇಕಾಯಿತು. ಕುಡುಕ ಪಾನನಿಷೇಧದ ಭಾಷಣ ಮಾಡಿದಂತಿತ್ತು.

"ನನ್ನ ಮೊಣಕಾಲಿಗಿ ಯಾರು ಹೇಳ್ತಾರಪ್ಪಾ?" ಎಂದಳು ಭಾಗಮ್ಮ.

"ನಿನ್ನ ಮೊದಲ ಹತ್ತಿಸ್ತೀನವ್ವ, ನಂದು ಜಿಮ್ಮಾ."

ಸೋಮವಾರ ಬಸ್ಸಿನ ಬಾಗಿಲಲ್ಲಿ ಎರಡೂ ಕೈ ಚಾಚಿ ಜನರನ್ನು ತಡೆದು ಭಾಗಮ್ಮನನ್ನು ಬುಟ್ಟಿಯ ಸಮೇತ ಹತ್ತಿಸಿದ. ಕೈ ಇಳಿಸಿದ್ದೇ ತಡ, ಊರು ಅವನ ಮೇಲೆಯೇ ಹಾದುಹೋಯಿತು. ಇವನು ಒಳಗೆ ಕಾಲಿಡುವಾಗ ಸೀಟೆಲ್ಲ ಭರ್ತಿ. ಇಷ್ಟು ವರ್ಷದಲ್ಲಿ ಮೊದಲ ಸಲ ಯಾರದೋ ಕಂಕುಳ ಕೆಳಗೆ ಕುತ್ತಿಗೆ ಬಗ್ಗಿಸಿ ನಿಂತ.

"ಸೀಟು ಪೂರಾ ಭರ್ತಿ," ಎಂದು ಬರೆದುಕೊಂಡ ಮಂಜುಷಾ ಬಾಗಿಲಿಗೆ ಬಂದಳು. "ಇನ್ನ ನಿಂತವರು. ನಿಮ್ಮಿಂದನೇ ಶುರು ಮಾಡ್ಲೇನ್ರೀ?"

"ಬರ್ಕೋರಿ ಮೇಡಂ, ದಪ್ಪ ಅಕ್ಷರದಾಗ ಬರ್ಕೋರಿ!"

ಎರಡನೆಯ ನಕ್ಷೆಯಲ್ಲಿ ಕೆಂಪು ಗೆರೆ ಕಮಲಾಪುರದ ತನಕ ಬಂದಿದೆ. ಗೆರೆಯ ಮೇಲೆ ರೈಲು ಎಂದು ಓಡುವುದೋ! ನಕ್ಷೆ ನೋಡಿ ಮುಂಗಡ ಕೊಡುವ ವ್ಯಾಪಾರಿ ನಾನಲ್ಲ. ಆದರೆ ಶಿವಶರಣ ಅದರ ಒಂದು ಪ್ರತಿಯನ್ನು ಹೋಟೆಲಿನ ಗೋಡೆಗೆ ಅಂಟಿಸಿದ್ದಾನೆ. ಮೊನ್ನೆ ನಬಿಸಾಬರು ಅದರ ಮುಂದೆ ನಿಂತು ಕೆಣಕಿದರು: "ಆ ರೈಲಿಗಿ ಕಿಟಕಿ ತೆರಿಯಂಗಿಲ್ಲಂತ, ಎಲ್ಲಾ ಗಾಜು. ಏನ್ ಮಾಡ್ತಿ?"

ಶಿವಶರಣ ಚಹಾ ಗುಟುಕರಿಸಿ ಹೇಳಿದ: "ಮೊದಲ ಬರಲಿ ಬಿಡ್ರಿ ಸಾಹೇಬ್ರ. ಬಾಗಲಾ ಅಂತೂ ತೆರಿತದಲ್ಲ?"