ಸಿಕಂದರ ನೋಡಿದ ಹದ

ಮುಷ್ಟಿಯಲ್ಲಿ ಮಣ್ಣು ಹಿಚುಕಿ, ಬಿತ್ತಲು ಹದ ಬಂದಿದೆಯೋ ಇಲ್ಲವೋ ಹೇಳುವುದರಲ್ಲಿ ಮಾದನಹಿಪ್ಪರಗಾದ ಸಿಕಂದರನದು ಎತ್ತಿದ ಕೈ. ಸ್ವಂತ ಹೊಲವಿರಲಿಲ್ಲ, ಪರರ ಕಪ್ಪು ಎರೆಮಣ್ಣಿನ ಹೊಲ ಉತ್ತೇ ಬೆಳೆದವನು. ಅಫಜಲಪುರಕ್ಕೆ ಬಂದು ಹಮಾಲಿ ಹಿಡಿದ ಮೇಲೂ ಆ ಹೆಮ್ಮೆ ಇಳಿಯಲಿಲ್ಲ. ಹೆಂಡತಿ ಮುಮತಾಜಳಿಗೆ ಇದ್ದದ್ದು ಒಂದೇ ಆಸೆ: ಯಾರೂ ಎಬ್ಬಿಸಿ ಕಳಿಸದ ಒಂದು ಮನೆ.

ಊರಂಚಿನ ಹತ್ತಿ ಹೊಲ ಪ್ಲಾಟುಗಳಾದಾಗ ಅವರೂ ಒಂದು ಕೊಂಡರು. ಬೇಸಿಗೆಯಲ್ಲಿ ಬುನಾದಿ ಅಗೆಯಲು ಹೋದರೆ ಗುದ್ದಲಿ ಪುಟಿದು ಬಂತು. ನೆಲದ ಬಿರುಕುಗಳಲ್ಲಿ ಕೈ ತೂರುತ್ತಿತ್ತು.

"ಎರಿ ನಂಬಬ್ಯಾಡ್ರಿ ಮಾಮಾ. ಕೆಳಗ ಗಟ್ಟಿ ಗರಸು ಸಿಗೂತನಕ ಈಗೇ ಅಗಸ್ರಿ," ಎಂದ ಮನೆ ಕಟ್ಟುವ ಗೌಂಡಿ ವ್ಯಂಕಟೇಶ.

"ನೀ ಗ್ವಾಡಿ ನೋಡ್ಕೋಲೇ, ಮಣ್ಣಿನ ಮಾತು ನನಗ ಬಿಡು. ಮಳಿ ಬಂದು ಹದಾ ಆಗ್ಲಿ, ಬೆಣ್ಣಿ ಕೊಯ್ದಂಗ ಅಗೀಬಹುದು."

ಮಳೆ ಬಂತು. ಸಿಕಂದರ ಮಣ್ಣು ಹಿಚುಕಿ ನಕ್ಕ.

"ಇರಮಳ ಅಬ್ಬಾ, ಇದು ಬಿತ್ತೂ ಹದಾ ಅಲ್ಲೇನ್ರಿ?" ಎಂದು ಮುಮತಾಜ ಗಂಡನನ್ನು ಕೇಳಿದಳು.

"ಮಣ್ಣು ಒಂದೇ ಬೇ!"

"ಹಂಗಾರ ಸುಗ್ಗಿಗೆ ನಾಕು ಮನಿ ಬೆಳೀತಾವ ಬಿಡ್ರಿ," ಎಂದು ವ್ಯಂಕಟೇಶ ಅಳತೆಯ ದಾರ ಹಿಡಿದ. ಗರಸಿನವರೆಗೆ ಅಗೆಯದೆಯೇ ಬಿಸ್ಮಿಲ್ಲಾ ಎಂದು ಕಲ್ಲಿಟ್ಟರು.

ನೀರು ಕುಡಿದು ಉಬ್ಬಿದ್ದ ಮಣ್ಣಿನ ಮೇಲೆ ಮನೆ ನಿಂತಿತು. ಮುಮತಾಜ ಗೋಡೆಗೆ ಗೂಟಗಳನ್ನು ಹೊಡೆಸಿ, ಬಟ್ಟೆಗಂಟುಗಳನ್ನು ಬಿಚ್ಚಿದಳು. ಬೇಸಿಗೆಗೆ ಮಣ್ಣು ಒಣಗಿ ಕುಗ್ಗಿತು. ಒಂದು ಮಗ್ಗುಲು ಕುಸಿದು, ಕಿಟಕಿಯ ಮೂಲೆಯಿಂದ ಛತ್ತಿನವರೆಗೆ ಗೋಡೆ ಸೀಳಿತು. ಸಿಮೆಂಟು ತುಂಬಿದರು. ಮಳೆಗೆ ನೆಲ ಮತ್ತೆ ಉಬ್ಬಿ, ಬಾಗಿಲು ಚೌಕಟ್ಟಿನಲ್ಲಿ ಸಿಕ್ಕಿಕೊಂಡಿತು. ಹತ್ತರಿ ಹೊಡೆಸಿ ಅದರ ಅಂಚು ಸವೆಸಿದರೆ ಮರುಬೇಸಿಗೆಗೆ ಚಿಲಕ ಮುಟ್ಟಲಿಲ್ಲ. ಅದರ ಮುಂದಿನ ಮಳೆಗಾಲದಲ್ಲಿ ಹಿಂದಿನ ಗೋಡೆ ವಾಲಿತು. ಮಗಳು ಇರಮ ಮಲಗುವ ಗೋಡೆ ಅದು.

"ನಿಮ್ಮ ಹದಾ ನನ್ನ ಮನಿ ತಿಂತು," ಎಂದಳು ಮುಮತಾಜ, ಗಂಟು ಕಟ್ಟುತ್ತಾ. ಸಿಕಂದರ ತಪ್ಪನ್ನು ದೇವರ ಮೇಲೆ ಹಾಕಬಹುದಿತ್ತು, ಹಾಕಲಿಲ್ಲ.

ಪೇಟೆಯಲ್ಲಿ ಹೀರಾಬಾಯಿ ಎಂಬಾಕೆಯ ಒಂದು ಖೋಲಿ ಖಾಲಿಯಿತ್ತು. ಆಕೆ ಕೇಳಿದಳು, "ಸ್ವಂತ ಮನಿ ಕಟ್ಟೀರಿ ಅಂತಾರಲ್ರಿ, ಮತ್ತ ಬಾಡಿಗಿ ಯಾಕ?"

"ಅದು ಇನ್ನಾ ಹೊಲಾನೇ ಅದರಿ, ಬಾಯಿ," ಎಂದ ಸಿಕಂದರ.

ಆಕೆಗೆ ತಿಳಿಯಲಿಲ್ಲ. "ಇರ್ಲಿ ಬಿಡ್ರಿ. ನನ್ನ ಮಗ ಊರಿಗೆ ಬಂದ್ರ ಖೋಲಿ ಬಿಡಬೇಕಾಗ್ತದ, ಮೊದ್ಲೇ ಹೇಳೇನಿ."

"ಹೂಂನ್ರಿ," ಎಂದಳು ಮುಮತಾಜ. ಒಳಗೆ ಹೋಗಿ ಗಂಟುಗಳನ್ನು ಗೋಡೆಗೆ ಆನಿಸಿಟ್ಟಳು, ಬಿಚ್ಚಲಿಲ್ಲ.