ಗಿರಮಿಟ್ಟಿನ ಹುಟ್ಟೂರು

ಸಿಂದಗಿಯಲ್ಲಿ ನಮ್ಮ ಪಕ್ಕದ ಮನೆಯ ಕಾಕು ಗಿರಮಿಟ್ ಕಲಸುವುದನ್ನು ನೋಡಬೇಕಿತ್ತು. ಬಂದವರು ಕೂತ ಮೇಲೆಯೇ ಚುರುಮುರಿಗೆ ಉಳ್ಳಾಗಡ್ಡಿ, ಹುಣಸೆ, ಬೆಲ್ಲದ ಒಗ್ಗರಣೆ ಸುರಿದು, ಹುರಿಗಡಲೆಯ ಪುಟಾಣಿ ಹಿಟ್ಟು ಉದುರಿಸಿ, ಬಳೆ ಮೇಲೇರಿಸಿಕೊಂಡು ಕಲಸುತ್ತಿದ್ದರು. ಯಾರಾದರೂ ಹರಟೆಗಿಳಿದರೆ, “ಮೊದಲ ತಿನ್ರಿ, ಮೆತ್ತಗಾಗ್ತೈತಿ” ಎಂದು ಗದರುವರು. ಗಿರಮಿಟ್ ಸಿಂದಗಿಯಲ್ಲೇ ಹುಟ್ಟಿದ್ದೆಂಬ ಬಗ್ಗೆ ಅವರಿಗೆ ಅನುಮಾನವೇ ಇರಲಿಲ್ಲ.

ಒಮ್ಮೆ ಅವರ ಮಗಳನ್ನು ನೋಡಲು ಹುಬ್ಬಳ್ಳಿಯಿಂದ ಗಂಡಿನವರು ಬಂದರು. ಹುಡುಗನ ಅಪ್ಪ ಒಂದು ತುತ್ತು ಬಾಯಿಗಿಟ್ಟು, “ಗಿರಮಿಟ್ ಅಂದ್ರ ನಮ್ಮ ಹುಬ್ಬಳ್ಳಿದ್ರಿ. ಅಲ್ಲಿಂದನ ನಿಮ್ಮ ಕಡೆ ಬಂದೈತಿ” ಎಂದರು. ಹೆಣ್ಣು ಹೆತ್ತವರು ಎದುರಾಡುವ ಹೊತ್ತಲ್ಲ ಅದು. ಸುಮ್ಮನಿರೆಂದು ಕಾಕುವಿಗೆ ಅವರ ಗಂಡ, ಕಾಕಾ, ಕಣ್ಸನ್ನೆ ಮಾಡಿದರು.

ಕಾಕು ಸೆರಗಿಗೆ ಕೈ ಒರೆಸಿಕೊಂಡರು. “ಕಲಸಿದ್ದು ಪಡಸಾಲಿ ದಾಟೂದ್ರಾಗ ಮೆತ್ತಗಾಗ್ತೈತ್ರಿ. ಹುಬ್ಬಳ್ಳಿಯಿಂದ ಇಲ್ಲಿತನಕ ಹೆಂಗ ಬಂದೀತು?”

ಹುಡುಗನ ಅಪ್ಪ ನಗುತ್ತಾ ಖಾಲಿ ತಾಟು ಮುಂದೆ ಚಾಚಿದರು. “ಹುಡುಗಿ ನಮಗ ಒಪ್ಪಿಗಿ ಐತ್ರಿ. ಗಿರಮಿಟ್ ನಮ್ಮದಂತ ನೀವೂ ಒಪ್ಪಿಬಿಡ್ರಿ.”

ಕಾಕು ತಾಟಿನ ತುಂಬ ಬಡಿಸಿದರು.

“ಮಗಳನ್ನ ಕೊಡ್ತೇವ್ರಿ, ಬೀಗರ. ಗಿರಮಿಟ್ ಕೊಡಂಗಿಲ್ಲ.”