ಅತ್ತೆ ಕೊಟ್ಟ ಹುಳಿಹಿಟ್ಟು

ನಮ್ಮ ಬೀದಿಯ ಬೇಕರಿಯವನಿಗೆ ಅತ್ತೆ ಹೆಣ್ಣಿನ ಜೊತೆಗೆ ಒಂದು ಜಾಡಿ ಹುಳಿಹಿಟ್ಟನ್ನೂ ಕೊಟ್ಟಿದ್ದಳು. ಅವನ ಬ್ರೆಡ್ಡು ಉಬ್ಬುತ್ತಿದ್ದದ್ದು ಅದರಿಂದಲೇ. ದಿನವೂ ಅದರಲ್ಲಿ ಒಂದಿಷ್ಟು ತೆಗೆದು ಕಣಕಕ್ಕೆ ಬೆರೆಸಿ, ಉಳಿದದ್ದಕ್ಕೆ ಹೊಸ ಹಿಟ್ಟು, ನೀರು ಉಣಿಸಬೇಕು. ಹೊತ್ತು ತಪ್ಪಿದರೆ ಹಿಟ್ಟಿಗೆ ಮುನಿಸು, ಉಬ್ಬುವುದೇ ಇಲ್ಲ. ಹೆಂಡತಿಯ ಮುನಿಸಾದರೂ ಸಂಜೆಗೆ ಇಳಿಯುತ್ತಿತ್ತು.

ಜಾಡಿಯೊಳಗೆ ಕಣ್ಣಿಗೆ ಕಾಣದ ಎರಡು ಜಾತಿಗಳ ಸಂಸಾರ. ಯೀಸ್ಟು ಉಬ್ಬಿಸುತ್ತದೆ, ಬ್ಯಾಕ್ಟೀರಿಯಾ ಹುಳಿ ಮಾಡುತ್ತದೆ. ಯೀಸ್ಟು ಮುಟ್ಟದ ಸಕ್ಕರೆಯನ್ನು ಬ್ಯಾಕ್ಟೀರಿಯಾ ತಿನ್ನುವುದರಿಂದ ಊಟಕ್ಕೆ ಜಗಳವಿಲ್ಲ. ಆ ಹುಳಿಗೆ ಬೂಷ್ಟು ಹತ್ತಿರ ಸುಳಿಯುವುದಿಲ್ಲ, ಯೀಸ್ಟಿಗೆ ಮಾತ್ರ ಅದು ಒಗ್ಗಿಹೋಗಿದೆ. ಇಷ್ಟು ಹೊಂದಾಣಿಕೆ ನಮ್ಮ ಬೇಕರಿಯವನಿಗೂ ಅತ್ತೆಗೂ ಇರಲಿಲ್ಲ. ಬಂದಾಗಲೆಲ್ಲ ಆಕೆ ಒಳಕೋಣೆಗೆ ನುಗ್ಗಿ, ಜಾಡಿ ಮೂಸಿ, ಮೂಗು ಮುರಿಯುವಳು.

ಒಮ್ಮೆ ಎದುರುಮನೆಯ ಮೇಷ್ಟ್ರು ಬ್ರೆಡ್ಡು ಹುಳಿ ಎಂದರು. ಅಷ್ಟೇ ಸಾಕಾಯಿತು. ದುಡುಕು ಬುದ್ಧಿಯ ಇವನು ಜಾಡಿಗೇ ಒಂದು ಹಿಡಿ ಅಡಿಗೆ ಸೋಡಾ ಸುರಿದ. ಹುಳಿಯೇನೋ ಹೋಯಿತು, ಅದರ ಜೊತೆ ಕಾವಲೂ ಹೋಯಿತು. ವಾರ ತುಂಬುವಷ್ಟರಲ್ಲಿ ಜಾಡಿಯ ತುಂಬ ಹಸಿರು ಬೂಷ್ಟು.

ಮನೆಗೆ ಬೆಂಕಿ ಬಿದ್ದರೆ ತಾನು ಮೊದಲು ಎತ್ತಿಕೊಂಡು ಓಡುವುದು ಆ ಜಾಡಿಯನ್ನೇ ಎಂದು ಹೆಂಡತಿ ಗಂಡನ ಮುಖಕ್ಕೇ ಹೇಳಿದ್ದಳು. ಗೊತ್ತಾದರೆ ಗ್ರಹಚಾರ ಬಿಡಿಸುತ್ತಾಳೆ. ಸಾಮಾನು ತರುವ ನೆಪ ಹೇಳಿ, ಖಾಲಿ ಡಬ್ಬಿಯೊಂದನ್ನು ಚೀಲಕ್ಕೆ ತುರುಕಿ, ಬಸ್ಸು ಹತ್ತಿ ಅತ್ತೆಯ ಮನೆಗೆ ಹೋದ. ತಲೆ ತಗ್ಗಿಸಿ ಸೋಡಾದ ಕಥೆ ಒಪ್ಪಿಸಿ, ಆಕೆಯ ಬಳಿಯಿದ್ದ ಮೂಲದ ಹಿಟ್ಟಿನಲ್ಲಿ ಒಂದು ಹಿಡಿ ಬೇಡಿದ.

ಅತ್ತೆ ಬೈಯಲಿಲ್ಲ. ಅದನ್ನು ನೋಡಿ ಅವನಿಗೆ ಇನ್ನೂ ಭಯವಾಯಿತು. ಆಕೆ ಬಾಗಿಲು ಮುಂದೆ ಮಾಡಿ ಬಂದು ಕೂತಳು.

"ಮೂಲದ್ದು ಎಲ್ಲಿದೆ ಅಳಿಯಂದಿರೇ? ನಿಮ್ಮ ಮದುವೆ ಗಡಿಬಿಡಿಯಲ್ಲಿ ಹಿಟ್ಟು ಹಾಕೋದು ಮರೆತು ನಂದು ಆಗಲೇ ಸತ್ತುಹೋಯ್ತು. ನಿಮ್ಮನೆಗೆ ಬಂದು, ಮೂಸೋ ನೆಪದಲ್ಲಿ ಒಂದು ಹಿಡಿ ಕದ್ದು ತಂದೆ. ಆಮೇಲೂ ಎಷ್ಟೋ ಸಲ ಕೆಡಿಸಿದೀನಿ, ಕದ್ದಿದೀನಿ."

ಅಂದರೆ ಅತ್ತೆಯ ಅಡುಗೆಮನೆಯಲ್ಲಿ ಗುಳ್ಳೆ ಬಿಡುತ್ತಿದ್ದದ್ದು ಅವನದೇ ಹಿಟ್ಟು. ಅವನಿಗೆ ಮೊದಲು ಅಳು ಬಂತು, ಆಮೇಲೆ ನಗು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಡಬ್ಬಿ ತುಂಬಿಸಿ ಕೊಡುತ್ತಾ ಅತ್ತೆ ತಗ್ಗಿದ ದನಿಯಲ್ಲಿ ಹೇಳಿದಳು:

"ನಿಮ್ಮ ವಿಷಯ ನಾನು ಬಾಯಿ ಬಿಡಲ್ಲ, ನನ್ನ ವಿಷಯ ನೀವೂ ಬಾಯಿ ಬಿಡಬೇಡಿ."

ಅಂದಿನಿಂದ ಅತ್ತೆಗೆ ನೆಗಡಿಯಾದರೂ ಮೊದಲು ಓಡುವವನು ಅಳಿಯ. ಅದು ಭಯವೋ, ಹಿಟ್ಟಿನ ಚಿಂತೆಯೋ ಎಂದು ಅವನು ಯೋಚಿಸಲು ಹೋಗಲಿಲ್ಲ. ತನ್ನ ಗಂಡ ಅಮ್ಮನ ಮೇಲೆ ಪ್ರಾಣವನ್ನೇ ಇಟ್ಟುಕೊಂಡಿದ್ದಾರೆ ಎಂದು ಹೆಂಡತಿ ಬೀದಿಗೆಲ್ಲ ಹೇಳಿಕೊಂಡು ಬಂದಳು. ಬರಬರುತ್ತಾ ಅದು ನಿಜವೂ ಆಗಿಬಿಟ್ಟಿತು.